ಜ್ಯಾಕ್ ಇಲ್ಲದ ಫೋನಿಗೆ ವೈರ್ ಇಯರ್‌ಫೋನ್: ಟೈಪ್-ಸಿ ಪಿನ್ನಿನದಾ, ಡಾಂಗಲ್ ಹಾಕೋದಾ?

ಈಗಿನ ಫೋನಿನ ಕೆಳಗಡೆ ಇರುವುದು ಒಂದೇ ತೂತು, ಟೈಪ್-ಸಿ. ಚಾರ್ಜರಿಗೂ ಅದೇ, ಇಯರ್‌ಫೋನಿಗೂ ಅದೇ. 2016ರಲ್ಲಿ ಐಫೋನ್ 7ರಿಂದ 3.5 ಎಂಎಂ ಜ್ಯಾಕ್, ಅಂದರೆ ಇಯರ್‌ಫೋನಿನ ದುಂಡು ತೂತು, ಮಾಯವಾದಾಗ ನಕ್ಕವರೇ ಜಾಸ್ತಿ. ನಮ್ಮದರಲ್ಲಿ ಜ್ಯಾಕ್ ಇದೆ ನೋಡಿ ಅಂತ ಆ ವರ್ಷ ಜಾಹೀರಾತಿನಲ್ಲೇ ಕಿಚಾಯಿಸಿದ ಗೂಗಲ್, ಮರುವರ್ಷ ಪಿಕ್ಸೆಲ್ 2ರಲ್ಲಿ ತಾನೂ ತೆಗೆಯಿತು. 2018ರಲ್ಲಿ ಒನ್‌ಪ್ಲಸ್ 6ಟಿ, 2019ರಲ್ಲಿ ಸ್ಯಾಮ್‌ಸಂಗ್ ನೋಟ್ 10. ಈಗ ಕಡಿಮೆ ಬೆಲೆಯ ಕೆಲವು ಫೋನ್‌ಗಳನ್ನು ಬಿಟ್ಟರೆ ಜ್ಯಾಕ್ ಸಿಗುವುದು ಅಪರೂಪ.

ಬ್ಲೂಟೂತ್ ತಗೊಂಡುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೂ ವೈರೇ ಬೇಕು ಅನ್ನುವವರಿಗೆ ಅವರದೇ ಕಾರಣಗಳಿವೆ. ಇನ್ನೊಂದನ್ನು ಚಾರ್ಜ್ ಮಾಡುವ ತಲೆನೋವು ಬೇಡ. ಬಸ್ಸಿನ ಸೀಟಿನ ಸಂದಿಗೆ ಒಂದು ಬಡ್ ಬಿದ್ದು ಹೋಗುವ ಭಯ ಇಲ್ಲ. ಬಿಜಿಎಂಐ ಥರದ ಶೂಟಿಂಗ್ ಗೇಮ್ ಆಡುವಾಗ ಗುಂಡು ಕಣ್ಣಿಗೆ ಮೊದಲು ಕಂಡು ಕಿವಿಗೆ ಆಮೇಲೆ ಕೇಳುವುದಿಲ್ಲ. ಬ್ಲೂಟೂತ್ ಬಡ್‌ನ ಪುಟ್ಟ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ವೈರಿನದಕ್ಕೆ ಬ್ಯಾಟರಿಯೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಎರಡು ಸಾವಿರ ರೂಪಾಯಿಗೆ ವೈರಿನಲ್ಲಿ ಸಿಗುವ ಧ್ವನಿ ಬ್ಲೂಟೂತ್‌ನಲ್ಲಿ ಆ ಬೆಲೆಗೆ ಸಿಗುವುದು ಕಷ್ಟ. ನೀವು ಈಗಾಗಲೇ ವೈರ್ ಅಂತ ತೀರ್ಮಾನ ಮಾಡಿದ್ದೀರಿ ಅಂದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಇರುವ ದಾರಿ ಮೂರು. ಟೈಪ್-ಸಿ ಪಿನ್ನೇ ಇರುವ ಇಯರ್‌ಫೋನ್ ಕೊಳ್ಳಬಹುದು. ಮಾಮೂಲಿ 3.5 ಎಂಎಂ ಇಯರ್‌ಫೋನ್ ಇಟ್ಟುಕೊಂಡು ನಡುವೆ ಒಂದು ಡಾಂಗಲ್, ಅಂದರೆ ಟೈಪ್-ಸಿ ತೂತಿಗೆ 3.5 ಎಂಎಂ ಪಿನ್ ಜೋಡಿಸುವ ಪುಟ್ಟ ಕನೆಕ್ಟರ್, ಹಾಕಬಹುದು. ಇಲ್ಲವೇ ವೈರ್ ಬಿಚ್ಚಲು ಬರುವಂಥ ಇಯರ್‌ಫೋನ್ ತಗೊಂಡು, ಅದಕ್ಕೆ ಟೈಪ್-ಸಿ ವೈರನ್ನೇ ಜೋಡಿಸಬಹುದು. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರಿಗೆ ಎರಡನೆಯ ದಾರಿಯೇ ಸರಿ. ಅದರಲ್ಲೂ ವೈರ್ ಬಿಚ್ಚುವಂಥ ಇಯರ್‌ಫೋನ್ ಆದರೆ ಇನ್ನೂ ಒಳ್ಳೆಯದು. ವೈರ್ ಇಯರ್‌ಫೋನ್ ಕೆಡುವಾಗ ಕಿವಿಯೊಳಗಿನ ಭಾಗ ಕೆಡುವುದು ಕಡಿಮೆ. ಕೆಡುವುದು ಪಿನ್ನು, ಇಲ್ಲವೇ ಪಿನ್ನಿನ ಹತ್ತಿರದ ವೈರು. ಕೆಡುವ ಭಾಗ ಅಗ್ಗವಾಗಿ ಬೇರೆ ಇದ್ದರೆ ಅದನ್ನಷ್ಟೇ ಬದಲಿಸಿದರಾಯಿತು, ಅಲ್ವಾ?

ಚಿಪ್ ಎಲ್ಲಿದೆ ಅನ್ನುವುದೇ ಮೊದಲ ಪ್ರಶ್ನೆ

ಇದೊಂದು ಅರ್ಥವಾದರೆ ಅಂಗಡಿಯಲ್ಲಿ ಮೋಸ ಹೋಗುವುದು ಮುಕ್ಕಾಲು ಪಾಲು ತಪ್ಪುತ್ತದೆ.

ಫೋನಿನೊಳಗೆ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಇಯರ್‌ಫೋನಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್. ಅಂಕಿಯನ್ನು ವಿದ್ಯುತ್ತಾಗಿ ಬದಲಿಸುವ ಚಿಪ್ಪಿಗೆ ಡ್ಯಾಕ್ ಅನ್ನುತ್ತಾರೆ. ಅದರ ಜೊತೆಗೆ ಧ್ವನಿಗೆ ಬಲ ಕೊಡುವ ಒಂದು ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಜ್ಯಾಕ್ ಇದ್ದ ಕಾಲದಲ್ಲಿ ಎರಡೂ ಫೋನಿನೊಳಗೇ ಇದ್ದವು, ನಾವು ಯೋಚಿಸುವ ಅಗತ್ಯವೇ ಇರಲಿಲ್ಲ. ಈಗ ಫೋನ್ ಟೈಪ್-ಸಿ ಮೂಲಕ ಅಂಕಿಗಳನ್ನೇ ಹೊರಗೆ ಕಳಿಸುತ್ತದೆ. ಬದಲಿಸುವ ಕೆಲಸ ಹೊರಗೇ ಆಗಬೇಕು. ಟೈಪ್-ಸಿ ಇಯರ್‌ಫೋನ್ ಆದರೆ ಚಿಪ್ ಅದರ ಪಿನ್ನಿನಲ್ಲೋ ವಾಲ್ಯೂಮ್ ಗುಂಡಿಯ ಡಬ್ಬಿಯಲ್ಲೋ ಕೂತಿರುತ್ತದೆ. ಡಾಂಗಲ್ ಆದರೆ ಡಾಂಗಲ್‌ನಲ್ಲಿ.

ಇಲ್ಲೊಂದು ಗೋಜಲಿದೆ. ಕೆಲವು ಫೋನ್‌ಗಳು ಒಳಗಿನ ಡ್ಯಾಕ್‌ನಿಂದಲೇ ಬದಲಿಸಿ, ಸಿದ್ಧವಾದ ಧ್ವನಿಯನ್ನು ಟೈಪ್-ಸಿಯ ಕೆಲವು ತಂತಿಗಳ ಮೂಲಕ ಹೊರಗೆ ಬಿಡುತ್ತವೆ. ಇದಕ್ಕೆ ಆಡಿಯೊ ಆಕ್ಸೆಸರಿ ಮೋಡ್ ಎಂದು ಹೆಸರು. ಇಂಥ ಫೋನಿಗೆ ಚಿಪ್ ಇಲ್ಲದ ಬರೀ ತಂತಿಯ ಕನೆಕ್ಟರ್ ಸಾಕು. ಅದು ತುಂಬಾ ಅಗ್ಗ. ಚಿಪ್ ಇರುವ ಡಾಂಗಲ್ ಪಕ್ಕದಲ್ಲಿಟ್ಟರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದೇ ಅಗ್ಗದ ಕನೆಕ್ಟರನ್ನು ಪಿಕ್ಸೆಲ್‌ಗೋ ಐಫೋನ್ 15ಕ್ಕೋ ಸ್ಯಾಮ್‌ಸಂಗ್‌ನ ಎಸ್ ಸರಣಿಯ ಫೋನಿಗೋ ಹಾಕಿದರೆ ಒಂದು ಸದ್ದೂ ಬರುವುದಿಲ್ಲ. ಹಾಡು ಫೋನಿನ ಸ್ಪೀಕರ್‌ನಲ್ಲೇ ಮೊಳಗುತ್ತಿರುತ್ತದೆ. ಅಂಗಡಿಯವರು ಮಾತ್ರ ಎಲ್ಲಾ ಫೋನಿಗೂ ಆಗುತ್ತೆ ಸಾರ್ ಅನ್ನುತ್ತಲೇ ಇರುತ್ತಾರೆ.

ಚಿಪ್ ಇರುವ ಡಾಂಗಲ್‌ಗೆ ಈ ಕಿರಿಕಿರಿ ಇಲ್ಲ. ಯುಎಸ್‌ಬಿ ಆಡಿಯೊ, ಅಂದರೆ ಧ್ವನಿಯನ್ನು ಅಂಕಿಗಳಾಗಿಯೇ ಹೊರಗೆ ಕಳಿಸುವುದು, ಗೊತ್ತಿರುವ ಯಾವ ಫೋನಿಗಾದರೂ ಅದು ನಡೆಯುತ್ತದೆ. ಹಾಗಾಗಿ ಕಣ್ಣುಮುಚ್ಚಿ ಚಿಪ್ ಇರುವುದನ್ನೇ ಕೇಳಿ. ಪತ್ತೆ ಹಚ್ಚುವುದು ಸುಲಭ. ಟೈಪ್-ಸಿ ತೂತು ಇರುವ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿ, ಸೌಂಡ್ ಸೆಟ್ಟಿಂಗ್ ತೆರೆಯಿರಿ. ಹೊಸ ಸಾಧನದ ಹೆಸರು ಬಂದರೆ ಚಿಪ್ ಇದೆ. ಏನೂ ಬರದಿದ್ದರೆ ಬರೀ ತಂತಿ. ಡಬ್ಬಿಯ ಮೇಲೆ 24 ಬಿಟ್, 48 ಅಥವಾ 96 ಕಿಲೋಹರ್ಟ್ಸ್ ಅಂತೆಲ್ಲ ಬರೆದಿದ್ದರೆ ಅದೂ ಚಿಪ್ ಇರುವ ಸುಳಿವು. ಆದರೆ ಡಬ್ಬಿಗಿಂತ ಲ್ಯಾಪ್‌ಟಾಪನ್ನೇ ನಂಬಿ.

ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಸತಾಯಿಸಿದೆ. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಫೋನ್‌ಗಳಲ್ಲಿ ಹೊರಗಿನ ಸಾಧನಗಳನ್ನು ಫೋನಿಗೆ ಜೋಡಿಸಲು ಒಟಿಜಿ ಅಂತ ಒಂದು ಸ್ವಿಚ್ ಸೆಟ್ಟಿಂಗಿನಲ್ಲಿರುತ್ತದೆ. ಅದು ಆಫ್ ಆಗಿದ್ದರೆ ಕೆಲವು ಡಾಂಗಲ್‌ಗಳನ್ನು ಫೋನ್ ಗುರುತಿಸುವುದೇ ಇಲ್ಲ. ಆನ್ ಮಾಡಿದರೂ ಸ್ವಲ್ಪ ಹೊತ್ತು ಬಳಸದಿದ್ದರೆ ತಾನಾಗಿಯೇ ಆಫ್ ಆಗುತ್ತದೆ. ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನೊಮ್ಮೆ ನೋಡಿ.

ನೇರ ಟೈಪ್-ಸಿ ಇಯರ್‌ಫೋನ್ ಯಾರಿಗೆ?

ಚುಚ್ಚಿದರೆ ಮುಗಿಯಿತು, ನಡುವೆ ಇನ್ನೇನೂ ಇಲ್ಲ. ಇದರ ದೊಡ್ಡ ಗುಣ ಇದೇ. ಸಣ್ಣ ವಸ್ತುಗಳನ್ನು ಕಳೆದುಕೊಳ್ಳುವ ಅಭ್ಯಾಸ ಇರುವವರಿಗೆ, ಮನೆಯಲ್ಲಿ ಅಪ್ಪ ಅಮ್ಮನಿಗೆ, ಆನ್‌ಲೈನ್ ಪಾಠ ಕೇಳುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ಮೈಕ್, ವಾಲ್ಯೂಮ್ ಗುಂಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜೆಬಿಎಲ್ ಟ್ಯೂನ್ 310ಸಿ, ಸೋನಿ ಐಇಆರ್-ಇಎಕ್ಸ್15ಸಿ, ಸ್ಯಾಮ್‌ಸಂಗ್‌ನ ಎಕೆಜಿ ಹೆಸರಿನ ಟೈಪ್-ಸಿ ಇಯರ್‌ಫೋನ್ ಈ ಸಾಲಿನವು. ಆ್ಯಪಲ್‌ನ ಟೈಪ್-ಸಿ ಇಯರ್‌ಪಾಡ್ಸ್ ಕೂಡ ಇದೆ. ಆದರೆ ಅದು ಕಿವಿಯೊಳಗೆ ಹೋಗುವಂಥದ್ದಲ್ಲ, ರಬ್ಬರ್ ಇಲ್ಲದೆ ಕಿವಿಯ ಬಾಯಲ್ಲಿ ಕೂರುವಂಥದ್ದು. ಕಿವಿಯೊಳಗೆ ರಬ್ಬರ್ ತುರುಕಿಕೊಳ್ಳಲು ಆಗದವರಿಗೆ ಅದು ಹಿತ. ಬಸ್ಸಿನ ಗದ್ದಲದಲ್ಲಿ ಮಾತ್ರ ಅದರಿಂದ ಉಪಯೋಗ ಕಡಿಮೆ.

ಇದರಲ್ಲೇ ಒಂದು ಹೊಸ ಬಗೆ ಬಂದಿದೆ, ಡಿಎಸ್‌ಪಿ ಇಯರ್‌ಫೋನ್. ಮೂನ್‌ಡ್ರಾಪ್‌ನ ಕ್ವಾರ್ಕ್ಸ್ ಡಿಎಸ್‌ಪಿ, ಮೇ, ಟ್ಯಾಂಚ್‌ಜಿಮ್‌ನ ಝೀರೊ ಡಿಎಸ್‌ಪಿ ಅಂಥವು. ಪಿನ್ನಿನೊಳಗಿನ ಚಿಪ್ ಧ್ವನಿಯನ್ನು ಬರೀ ಬದಲಿಸುವುದಿಲ್ಲ, ಇಯರ್‌ಫೋನಿನ ಕೊರತೆಯನ್ನು ತಿದ್ದಿಯೂ ಕೊಡುತ್ತದೆ. ಮೇ ಇಯರ್‌ಫೋನಿನಲ್ಲಿ ಆ್ಯಪ್ ಮೂಲಕ ಬೇಸ್ ಎಷ್ಟು, ಚುರುಕು ಎಷ್ಟು ಅಂತ ನೀವೇ ಹೊಂದಿಸಿಕೊಳ್ಳಬಹುದು. ಆ ಹೊಂದಾಣಿಕೆ ಚಿಪ್ಪಿನಲ್ಲೇ ಉಳಿಯುತ್ತದೆ. ಈಕ್ವಲೈಸರ್ ಜೊತೆ ಆಟ ಆಡುವುದು ಇಷ್ಟವಾದವರಿಗೆ ಟೈಪ್-ಸಿ ಕೊಳ್ಳಲು ಇದೊಂದೇ ಬಲವಾದ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ತೊಂದರೆಗಳು. ವೈರ್ ಬಿಚ್ಚಲು ಬರದ ಟೈಪ್-ಸಿ ಇಯರ್‌ಫೋನಿನ ಪಿನ್ ಕೆಟ್ಟರೆ ಎಲ್ಲವೂ ಹೋದ ಹಾಗೆ. 3.5 ಎಂಎಂ ಪಿನ್ ಮುರಿದರೆ ರಿಪೇರಿ ಅಂಗಡಿಯಲ್ಲಿ ಹೊಸ ಪಿನ್ ಬೆಸುಗೆ ಹಾಕಿ ಕೊಡುವವರು ಇನ್ನೂ ಇದ್ದಾರೆ. ಚಿಪ್ ಇರುವ ಟೈಪ್-ಸಿ ಪಿನ್ನನ್ನು ಯಾರೂ ಮುಟ್ಟುವುದಿಲ್ಲ. ಎರಡನೆಯದು, ಅದನ್ನು ಬೇರೆಡೆ ಬಳಸಲು ಆಗುವುದಿಲ್ಲ. ಹಳೆಯ ಲ್ಯಾಪ್‌ಟಾಪು, ಟಿವಿ, ಮಕ್ಕಳ ಕೀಬೋರ್ಡು, ವಿಮಾನದ ಸೀಟು, ಎಲ್ಲದಕ್ಕೂ 3.5 ಎಂಎಂ ಪಿನ್ನೇ ಬೇಕು. ಐಫೋನ್ 14 ಮತ್ತು ಅದಕ್ಕಿಂತ ಹಳೆಯವಕ್ಕೂ ಇದು ಹೊಂದುವುದಿಲ್ಲ, ಅವುಗಳದ್ದು ಲೈಟ್ನಿಂಗ್ ತೂತು. ಐಫೋನಿಗೆ ಟೈಪ್-ಸಿ ಬಂದದ್ದು 2023ರ 15ನೆಯ ಸರಣಿಯಿಂದ.

ಪದೇ ಪದೇ ಚುಚ್ಚಿ ತೆಗೆದರೆ ಫೋನಿನ ತೂತು ಸವೆಯುವುದಿಲ್ಲವೇ ಅಂತ ಕೇಳುತ್ತಾರೆ. ಟೈಪ್-ಸಿಯನ್ನು 10,000 ಸಲ ಚುಚ್ಚಿ ತೆಗೆಯಲು ಆಗುವಂತೆ ರೂಪಿಸಿದ್ದಾರೆ. ಚುಚ್ಚುವುದರಿಂದ ಕೆಡುವುದಕ್ಕಿಂತ ಅಡ್ಡ ಒತ್ತಡದಿಂದ ಕೆಡುವುದೇ ಜಾಸ್ತಿ. ಪ್ಯಾಂಟಿನ ಜೇಬಿನಲ್ಲಿ ಫೋನ್ ಇಟ್ಟು ಕೂತಾಗ ನೆಟ್ಟಗೆ ಚಾಚಿಕೊಂಡಿರುವ ಉದ್ದ ಪಿನ್ ಬಗ್ಗುತ್ತದೆ. ಅದರ ಒತ್ತಡವೆಲ್ಲ ತೂತಿನ ಮೇಲೆ. ಆ ತೂತು ಲೂಸ್ ಆದರೆ ಹಾಡಷ್ಟೇ ಅಲ್ಲ, ಚಾರ್ಜಿಂಗೂ ಹೋಗುತ್ತದೆ. ನೇರ ಟೈಪ್-ಸಿ ಕೊಳ್ಳುವುದಾದರೆ ಮೊಣಕೈಯಂತೆ ಬಾಗಿದ ಪಿನ್ ಇರುವುದನ್ನೇ ಹುಡುಕಿ. ಲೂಸ್ ಅನ್ನಿಸಿದರೆ ಸರ್ವೀಸ್ ಸೆಂಟರಿಗೆ ಓಡುವ ಮುಂಚೆ, ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೂತಿನ ತಳದ ಬಟ್ಟೆ ಧೂಳನ್ನು ಮೆಲ್ಲಗೆ ತೆಗೆಯಿರಿ. ಎಷ್ಟೋ ಸಲ ಅಷ್ಟೇ ಇರುತ್ತದೆ.

ಡಾಂಗಲ್ ಲೆಕ್ಕಾಚಾರ

ಡಾಂಗಲ್ ಅಂದ ಕೂಡಲೇ ಕಳೆದುಹೋಗುತ್ತೆ ಅನ್ನುವ ಮಾತು ಬರುತ್ತದೆ. ಅದಕ್ಕೆ ಪರಿಹಾರ ಸರಳ. ಡಾಂಗಲನ್ನು ಫೋನಿನ ವಸ್ತು ಅಂದುಕೊಳ್ಳಬೇಡಿ, ಇಯರ್‌ಫೋನಿನ ಬಾಲ ಅಂದುಕೊಳ್ಳಿ. ಇಯರ್‌ಫೋನಿಗೆ ಸಿಕ್ಕಿಸಿದ ಮೇಲೆ ತೆಗೆಯಲೇಬೇಡಿ. ಆಗ ಅದೂ ಟೈಪ್-ಸಿ ಇಯರ್‌ಫೋನೇ ಆಯಿತು. ಬೇಕಾದಾಗ ಮಾತ್ರ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಬಹುದು.

ಎಲ್ಲರೂ ಮೊದಲು ಹೇಳುವ ಹೆಸರು ಆ್ಯಪಲ್‌ನ ಪುಟ್ಟ ಬಿಳಿ ಡಾಂಗಲ್. ಬೆಲೆ ಸಾವಿರ ರೂಪಾಯಿಯ ಆಸುಪಾಸು. 24 ಬಿಟ್, 48 ಕಿಲೋಹರ್ಟ್ಸ್‌ವರೆಗೆ ನುಡಿಸುತ್ತದೆ. ಧ್ವನಿ ತುಂಬಾ ಶುದ್ಧ. ಇದಕ್ಕಿಂತ ಹಲವು ಪಟ್ಟು ಬೆಲೆಯ ಡಾಂಗಲ್ ಪಕ್ಕದಲ್ಲಿಟ್ಟು ಕಣ್ಣು ಕಟ್ಟಿ ಕೇಳಿಸಿದರೆ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗದು. ಐಫೋನ್ 15 ಅಥವಾ ಅದರ ನಂತರದ್ದು ಇದ್ದರೆ, ಅಥವಾ ಲ್ಯಾಪ್‌ಟಾಪಿಗೆ ಬೇಕಾದರೆ, ಬೇರೆ ಹುಡುಕುವುದೇ ಬೇಡ.

ಆಂಡ್ರಾಯ್ಡ್‌ನಲ್ಲಿ ಮಾತ್ರ ಒಂದು ಎಡವಟ್ಟಿದೆ. ಈ ಡಾಂಗಲ್‌ಗೆ ತನ್ನದೇ ಒಳ ವಾಲ್ಯೂಮ್ ಇದೆ. ಚುಚ್ಚಿದಾಗ ಅದು ಕಡಿಮೆ ಮಟ್ಟದಲ್ಲಿ ಶುರುವಾಗುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳು ಅದನ್ನು ಏರಿಸುವುದೇ ಇಲ್ಲ. ಫೋನಿನಲ್ಲಿ ಪೂರ್ತಿ ವಾಲ್ಯೂಮ್ ಇಟ್ಟರೂ ಹಾಡು ಮೆತ್ತಗೆ ಕೇಳುತ್ತದೆ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಥರದ ಆ್ಯಪ್ ಇದನ್ನು ಸರಿ ಮಾಡುತ್ತದೆ, ಆದರೆ ಯೂಟ್ಯೂಬಿಗೂ ಗೇಮಿಗೂ ಅದು ನೆರವಾಗುವುದಿಲ್ಲ. ಯೂರೋಪಿನಿಂದ ಯಾರಾದರೂ ತಂದುಕೊಟ್ಟ ಡಾಂಗಲ್ ಆದರೆ ಇನ್ನೂ ಕಷ್ಟ. ಅಲ್ಲಿನ ಮಾದರಿಯ ಬಲ ಅಮೆರಿಕದ ಮಾದರಿಯ ಅರ್ಧದಷ್ಟು, ಒಂದು ವೋಲ್ಟ್ ಬದಲು ಅರ್ಧ ವೋಲ್ಟ್. ಹಾಗಾಗಿ ಆಂಡ್ರಾಯ್ಡ್‌ನವರಿಗೆ ಸ್ಯಾಮ್‌ಸಂಗ್‌ನದೋ ಗೂಗಲ್‌ನದೋ ಡಾಂಗಲ್, ಇಲ್ಲವೇ ಜೆಕ್ಯಾಲಿ ಜೆಎಂ6, ಫಿಯೊ ಕೆಎ11 ಥರದ ಸಣ್ಣ ಡಾಂಗಲ್ ವಾಸಿ. ಕೊಳ್ಳುವಾಗ ಮೈಕ್ ನಡೆಯುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಹಾಡಿಗಾಗಿಯೇ ಮಾಡಿದ ಕೆಲವು ಡಾಂಗಲ್‌ಗಳಲ್ಲಿ ಮೈಕಿನ ದಾರಿಯೇ ಇರುವುದಿಲ್ಲ. ಹಾಡು ಚೆನ್ನಾಗಿ ಕೇಳುತ್ತದೆ, ಫೋನ್ ಬಂದಾಗ ಆ ಕಡೆಯವರಿಗೆ ಫೋನಿನ ಮೈಕಿನ ಧ್ವನಿ ದೂರದಿಂದ ಬಂದಂತೆ ಕೇಳುತ್ತದೆ. ನಿಮ್ಮ 3.5 ಎಂಎಂ ಪಿನ್ನನ್ನೂ ನೋಡಿ. ಮೈಕ್ ಇರುವ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ಇಲ್ಲದ್ದರಲ್ಲಿ ಎರಡು.

ಬ್ಯಾಲೆನ್ಸ್ಡ್, 4.4 ಎಂಎಂ, 32 ಬಿಟ್ 384 ಕಿಲೋಹರ್ಟ್ಸ್ ಅಂತ ಐದು ಸಾವಿರ, ಹತ್ತು ಸಾವಿರದ ಡಾಂಗಲ್‌ಗಳೂ ಇವೆ. ಕಿವಿಯೊಳಗಿನ ಇಯರ್‌ಫೋನಿಗೆ ಅವು ಸುಮ್ನೆ ದಂಡ. ಹೆಚ್ಚಿನ ಇನ್-ಇಯರ್‌ಗಳು 16ರಿಂದ 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಒಳಗಿನವು, ಅತ್ಯಲ್ಪ ಬಲಕ್ಕೇ ಜೋರಾಗಿ ಕೂಗುತ್ತವೆ. ಬಲ ಜಾಸ್ತಿ ಇರುವ ಡಾಂಗಲ್ ಹಾಕಿದರೆ ಹಾಡಿನ ನಡುವಿನ ಮೌನದಲ್ಲಿ ಸುಯ್ ಅನ್ನುವ ಸದ್ದು ಕೇಳಬಹುದು. ಆ ದುಡ್ಡನ್ನು ಇಯರ್‌ಫೋನಿಗೆ ಹಾಕಿ.

ಮೂರನೆಯ ದಾರಿ ಹೀಗೆ. ವೈರ್ ಬಿಚ್ಚುವಂಥ ಇಯರ್‌ಫೋನಿಗೆ ಡ್ಯಾಕ್ ಸಹಿತವಾದ ಟೈಪ್-ಸಿ ವೈರ್ ಬೇರೆಯಾಗಿ ಸಿಗುತ್ತದೆ. ಡಾಂಗಲ್ ನೇತಾಡುವುದಿಲ್ಲ, ಕೆಟ್ಟರೆ ವೈರಷ್ಟೇ ಹೋಗುತ್ತದೆ, ಹಳೆಯ 3.5 ಎಂಎಂ ವೈರ್ ಡ್ರಾಯರ್‌ನಲ್ಲಿ ಇದ್ದೇ ಇರುತ್ತದೆ. ಕೇಳಲು ಚಂದ. ಆದರೆ ಜೋಡಿಸುವ ತುದಿ ಎಲ್ಲಕ್ಕೂ ಒಂದೇ ಅಲ್ಲ. ಮೂನ್‌ಡ್ರಾಪ್, 7ಎಚ್‌ಝಡ್, ಟ್ಯಾಂಗ್‌ಝು ಮೊದಲಾದವುಗಳದ್ದು 0.78 ಎಂಎಂನ ಎರಡು ಮುಳ್ಳು. ಕೆಝಡ್‌ನದು ಅದೇ ಥರ ಕಂಡರೂ ಹೊರಗೆ ಉಬ್ಬಿದ ಕ್ಯೂಡಿಸಿ ತುದಿ. ಸೆನ್‌ಹೈಸರ್ ಐಇ 200, ಶೂರ್‌ನವುಗಳದ್ದು ದುಂಡಗಿನ ಎಂಎಂಸಿಎಕ್ಸ್. ಹೆಸರು ನೋಡಿ ತರಿಸಿ, ಒತ್ತಿ ತುರುಕಲು ಹೋಗಬೇಡಿ.

ಇಷ್ಟೆಲ್ಲ ಆದ ಮೇಲೂ ಧ್ವನಿ ನಿರ್ಧರಿಸುವುದು ರಬ್ಬರ್

ಯಾವ ದಾರಿ ಹಿಡಿದರೂ ಸರಿ, ಕಿವಿಯೊಳಗಿನ ಇಯರ್‌ಫೋನಿನ ಅರ್ಧ ಧ್ವನಿ ಅದರ ತುದಿಯ ರಬ್ಬರ್ ಬಡ್‌ನಲ್ಲಿದೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಲ್ಲಿ ಸೀಟಿ ಬರುತ್ತದೆಯೇ? ಇಲ್ಲೂ ಅಷ್ಟೇ. ಬಡ್ ಕಿವಿಯ ನಾಳವನ್ನು ಪೂರ್ತಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ಬೇಸ್. ಬೇಸೇ ಇಲ್ಲ ಅಂತ ಬೈಸಿಕೊಂಡ ಎಷ್ಟೋ ಇಯರ್‌ಫೋನ್‌ಗಳ ತಪ್ಪು ಇಷ್ಟೇ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ಕೊಟ್ಟಿರುತ್ತಾರೆ. ಬಹಳ ಜನ ಮಧ್ಯಮವನ್ನು ಬಿಚ್ಚುವುದೇ ಇಲ್ಲ.

ಸರಿಯಾಗಿ ಹಾಕಿಕೊಳ್ಳುವುದು ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳ ನೆಟ್ಟಗಾಗುತ್ತದೆ. ಆಗ ಬಡ್ಡನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ, ಕಿವಿ ಬಿಡಿ. ಹೊರಗಿನ ಸದ್ದು ತಟ್ಟನೆ ಇಳಿದರೆ ಕೂತಿತು ಅಂತ ಅರ್ಥ. ಎರಡೂ ಕಿವಿಯ ಅಳತೆ ಒಂದೇ ಇರಬೇಕೆಂದೇನಿಲ್ಲ. ಒಂದಕ್ಕೆ ಮಧ್ಯಮ, ಇನ್ನೊಂದಕ್ಕೆ ಸಣ್ಣದು ಹಾಕಿದರೆ ಯಾರೂ ಕೇಳುವುದಿಲ್ಲ. ರಬ್ಬರ್ ಯಾವುದೂ ಕೂರದಿದ್ದರೆ ಫೋಮ್ ಬಡ್ ಸಿಗುತ್ತವೆ. ಹಿಂಡಿ ಒಳಗಿಟ್ಟರೆ ಅರಳಿ ಕೂರುತ್ತವೆ. ಬೆವರಿಗೆ ಬೇಗ ಹಾಳಾಗುವುದೊಂದೇ ಅದರ ದೋಷ.

ಪರೀಕ್ಷೆಗೆ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಹಾಕಿ. ಸಂಗೀತ ಕಛೇರಿ ಕೇಳುವವರಾದರೆ ಮೃದಂಗದ ಎಡಮುಖದ ಗುಂಕಾರ ತುಂಬಿ ಬರುತ್ತದಾ ನೋಡಿ. ಬರೀ ಟಪ್ ಅಂದರೆ ಬಡ್ ಕೂತಿಲ್ಲ. ಯಕ್ಷಗಾನದ ರೆಕಾರ್ಡಿಂಗ್ ಇದಕ್ಕೆ ಇನ್ನೂ ಕಟ್ಟುನಿಟ್ಟಿನ ಪರೀಕ್ಷೆ. ಚೆಂಡೆ ಕಿವಿಗೆ ಚುಚ್ಚಿದಂತಾಗಿ ಹತ್ತು ನಿಮಿಷಕ್ಕೆ ಸುಸ್ತಾದರೆ ಆ ಇಯರ್‌ಫೋನಿನ ಮೇಲಿನ ಸ್ವರ ಅತಿಯಾಗಿದೆ. ಭಾಗವತರ ಮಾತು ಚೆಂಡೆಯ ನಡುವೆಯೂ ಬಿಡಿಸಿ ಕೇಳಿದರೆ ನಡುವಿನ ಸ್ವರ ಚೆನ್ನಾಗಿದೆ.

ಬೇಸ್ ಗುದ್ದಬೇಕು ಅನ್ನುವವರಿಗೆ ಬೋಟ್ ಬೇಸ್‌ಹೆಡ್ಸ್ 100, ಜೆಬಿಎಲ್ ಸಿ100ಎಸ್‌ಐ ಥರದವು ಕಡಿಮೆ ದುಡ್ಡಿಗೆ ಖುಷಿ ಕೊಡುತ್ತವೆ, ಮೈಕೂ ಇರುತ್ತದೆ. ವೈರ್ ಬಿಚ್ಚಲು ಬರುವುದಿಲ್ಲ. ಎರಡು ಸಾವಿರದ ಆಸುಪಾಸಿಗೆ ಹೋದರೆ ಆಟವೇ ಬೇರೆ. ಮೂನ್‌ಡ್ರಾಪ್ ಚು 2, 7ಎಚ್‌ಝಡ್ ಝೀರೊ, ಟ್ಯಾಂಗ್‌ಝು ವಾನರ್ ಇವೆಲ್ಲ ಆ ಬೆಲೆಯಲ್ಲೇ ಸಿಗುತ್ತವೆ, ಎಲ್ಲದರ ವೈರೂ ಬಿಚ್ಚಬಹುದು. ಚು ಮೊದಲ ಮಾದರಿಯಲ್ಲಿ ವೈರ್ ಅಂಟಿಕೊಂಡೇ ಇತ್ತು, 2ರಲ್ಲಿ ಬಿಚ್ಚುವಂತೆ ಮಾಡಿದರು. ಬಾಯಿಯ ಜಾಲರಿಯನ್ನೂ ಬದಲಿಸಬಹುದು. ಕಿವಿಯ ಗುಗ್ಗೆ ಜಾಲರಿ ಮುಚ್ಚಿ ಒಂದು ಕಡೆ ಮೆತ್ತಗಾಗುವುದು ಸಾಮಾನ್ಯ, ಅದಕ್ಕೇ ಇದು ದೊಡ್ಡ ಅನುಕೂಲ. ಝೀರೊ ಸ್ವಲ್ಪ ತೆಳು, ಸ್ಪಷ್ಟ. ಅದರದೇ ಝೀರೊ 2ರಲ್ಲಿ ಬೇಸ್ ಜಾಸ್ತಿ. ವಾನರ್ ಹಾಡುಗಾರರ ದನಿಗೆ ಹಿತ. ಭಾವಗೀತೆ, ಹಳೆಯ ಚಿತ್ರಗೀತೆ ಕೇಳುವವರಿಗೆ ನಾನು ವಾನರ್ ಕಡೆಗೇ ಕೈ ತೋರಿಸುತ್ತೇನೆ. ಇಂಥವು ಹಲವು ಮೈಕ್ ಇಲ್ಲದೆ ಬರುತ್ತವೆ, ಮೈಕ್ ಇರುವ ಮಾದರಿಯನ್ನೇ ಆರಿಸಿ ಆರ್ಡರ್ ಮಾಡಿ. ವೈರನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಸುತ್ತಿ ಹಾಕಬೇಕು. ಮೊದಲು ಕಿರಿಕಿರಿ ಅನ್ನಿಸುತ್ತದೆ. ಅಂಗಿಗೆ ವೈರ್ ಉಜ್ಜಿದಾಗ ಕಿವಿಯಲ್ಲಿ ಬರುವ ಗರಗರ ಸದ್ದು ಇದರಿಂದ ತುಂಬಾ ಕಡಿಮೆಯಾಗುತ್ತದೆ.

ಹೈ-ರೆಸ್ ಅನ್ನುವ ಬಂಗಾರದ ಮುದ್ರೆ ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಇಯರ್‌ಫೋನ್ 40 ಕಿಲೋಹರ್ಟ್ಸ್‌ವರೆಗೆ ನುಡಿಸಬಲ್ಲದು ಎಂಬುದಕ್ಕೆ ಆ ಮುದ್ರೆ. ಮನುಷ್ಯನ ಕಿವಿಗೆ ಕೇಳುವುದೇ ಹೆಚ್ಚೆಂದರೆ 20ರವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಒಳಗೆ ಎಷ್ಟು ಡ್ರೈವರ್, ಅಂದರೆ ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್, ಇವೆ ಅನ್ನುವ ಲೆಕ್ಕವೂ ಹಾಗೆಯೇ. ಒಂದೇ ಡ್ರೈವರ್ ಇರುವ ಒಳ್ಳೆಯ ಇಯರ್‌ಫೋನ್, ಐದಿರುವ ಕೆಟ್ಟದ್ದಕ್ಕಿಂತ ಎಷ್ಟೋ ಮೇಲು.

ಬಡ್ ಚೆನ್ನಾಗಿ ಕೂತರೆ ಇನ್ನೊಂದು ಲಾಭ ಇದೆ. ಹೊರಗಿನ ಗದ್ದಲ ತಗ್ಗುವುದರಿಂದ ವಾಲ್ಯೂಮ್ ಏರಿಸುವ ಅಗತ್ಯ ಬೀಳುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಬಸ್ಸಿನಲ್ಲಿ ಸಡಿಲ ಇಯರ್‌ಫೋನ್ ಹಾಕಿ ಪೂರ್ತಿ ವಾಲ್ಯೂಮ್ ಇಡುವವರು ಇದನ್ನು ಸುಲಭವಾಗಿ ದಾಟುತ್ತಾರೆ. ಹೊರಗಿನ ಸದ್ದು ತಗ್ಗುವ ಕಾರಣಕ್ಕೇ, ಗಾಡಿ ಓಡಿಸುವಾಗ, ರಸ್ತೆ ದಾಟುವಾಗ ಇವು ಕಿವಿಯಲ್ಲಿರಬಾರದು. ಹಾರ್ನ್ ಕೇಳುವುದಿಲ್ಲ.

ಚಾರ್ಜಿಂಗ್, ಎಫ್‌ಎಂ

ಒಂದೇ ತೂತಿನ ನಿಜವಾದ ಕಷ್ಟ ಬರುವುದು ಬ್ಯಾಟರಿ ಇಳಿದಾಗ. ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ ಪ್ಯಾಡಿನ ಮೇಲಿಟ್ಟು ಹಾಡು ಕೇಳಬಹುದು, ಚಿಂತೆ ಇಲ್ಲ. ಉಳಿದವರಿಗೆ ಒಂದು ಕಡೆ ಚಾರ್ಜರ್, ಇನ್ನೊಂದು ಕಡೆ ಇಯರ್‌ಫೋನ್ ಹಾಕುವ ಕವಲು ಡಾಂಗಲ್ ಬೇಕು. ಇದರಲ್ಲಂತೂ ಅಗ್ಗದ್ದಕ್ಕೆ ಹೋಗಬೇಡಿ. ಒಳಗೆ ಡ್ಯಾಕ್ ಇರಬೇಕು, ಪಿಡಿ (ಟೈಪ್-ಸಿಯ ಸಾಮಾನ್ಯ ವೇಗದ ಚಾರ್ಜಿಂಗ್ ಪದ್ಧತಿ) ಚಾರ್ಜಿಂಗ್ ಎಷ್ಟು ವಾಟ್ ಅಂತ ಬರೆದಿರಬೇಕು. ಆದರೂ ನಿಮ್ಮ ಫೋನಿನ ಕಂಪನಿಯದೇ ಆದ ಸೂಪರ್ ಫಾಸ್ಟ್ ಚಾರ್ಜಿಂಗ್ ಇದರ ಮೂಲಕ ಸಾಮಾನ್ಯವಾಗಿ ಬರುವುದಿಲ್ಲ, ನಿಧಾನಕ್ಕೇ ಏರುತ್ತದೆ. ಅಗ್ಗದ ಕವಲುಗಳಲ್ಲಿ ಚಾರ್ಜ್ ಆಗುವಾಗ ಹಾಡಿನ ಜೊತೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುವುದೂ ಉಂಟು. ದಿನಾ ಗಂಟೆಗಟ್ಟಲೆ ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವವರು ಫೋನ್ ಕೊಳ್ಳುವಾಗಲೇ ಜ್ಯಾಕ್ ಇರುವುದನ್ನು ಹುಡುಕುವುದು ಒಳ್ಳೆಯದು. ಡಾಂಗಲ್ ಮತ್ತು ಟೈಪ್-ಸಿ ಇಯರ್‌ಫೋನ್ ಎರಡೂ ಫೋನಿನ ಬ್ಯಾಟರಿಯನ್ನೇ ಸ್ವಲ್ಪ ಸ್ವಲ್ಪ ಕುಡಿಯುತ್ತವೆ. ಹಾಡು ನಿಲ್ಲಿಸಿ ಮಲಗುವ ಮುಂಚೆ ಪಿನ್ ತೆಗೆದಿಡಿ.

ಎಫ್‌ಎಂ ಕೇಳುವವರಿಗೆ ಬೇಸರದ ಸುದ್ದಿ. ಹಳೆಯ ಫೋನಿನಲ್ಲಿ ಇಯರ್‌ಫೋನಿನ ವೈರೇ ಆಂಟೆನಾ ಆಗುತ್ತಿತ್ತು. ಡ್ಯಾಕ್ ಇರುವ ಟೈಪ್-ಸಿ ವೈರ್ ಆ ಕೆಲಸ ಮಾಡುವುದಿಲ್ಲ. ಜ್ಯಾಕ್ ಇಲ್ಲದ ಫೋನ್‌ಗಳಲ್ಲಿ ಎಫ್‌ಎಂ ಆ್ಯಪ್ ಇರುವುದೇ ಕಡಿಮೆ. ಫೋನ್‌ಗಳಲ್ಲಿ ಎಫ್‌ಎಂ ಉಳಿಸಿ ಅಂತ ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿದ್ದೇನೋ ನಿಜ. ಸದ್ಯಕ್ಕೆ ಬೆಂಗಳೂರಿನ 101.3 ರೈನ್‌ಬೋ, 102.9 ವಿವಿಧಭಾರತಿ ಬೇಕೆಂದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ದಾರಿ, ಡೇಟಾ ಖರ್ಚಾಗುತ್ತದೆ. ದಿನವೂ ಎಫ್‌ಎಂ ಬೇಕೇ ಬೇಕು ಅನ್ನುವವರಿಗೆ ಸಣ್ಣ ರೇಡಿಯೊ ಕೊಳ್ಳುವುದೇ ಅಗ್ಗ.

ಕೊಳ್ಳುವಾಗ

ಎಸ್‌ಪಿ ರೋಡ್, ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ ಕಡೆ ಹೋಗುವವರು ನಿಮ್ಮದೇ ಫೋನಿಗೆ ಚುಚ್ಚಿ ನೋಡದೆ ದುಡ್ಡು ಕೊಡಬೇಡಿ. ಆ್ಯಪಲ್ ಡಾಂಗಲ್, ಸ್ಯಾಮ್‌ಸಂಗ್‌ನ ಎಕೆಜಿ ಇಯರ್‌ಫೋನ್ ಈ ಎರಡರ ನಕಲಿಗಳು ಎಲ್ಲೆಡೆ ಸಿಗುತ್ತವೆ. ಡಬ್ಬಿ ಸಮೇತ ಹಾಗೇ ಕಾಣುತ್ತವೆ. ಅರ್ಧ ಬೆಲೆಗೆ ಒರಿಜಿನಲ್ ಅಂದರೆ ಅದು ಒರಿಜಿನಲ್ ಅಲ್ಲ. ಚೀನಾದ ಚು, ಝೀರೊ ಥರದವು ಸಾಮಾನ್ಯ ಮೊಬೈಲ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಚೆನ್ನೈನ ಹೆಡ್‌ಫೋನ್ ಝೋನ್ ಥರ ಇದಕ್ಕೇ ಮೀಸಲಾದ ಆನ್‌ಲೈನ್ ಅಂಗಡಿಗಳಿವೆ. ಆರ್ಡರ್ ಮಾಡುವ ಮುಂಚೆ ವಾಪಸಾತಿಯ ನಿಯಮ ಓದಿ. ಕಿವಿಯೊಳಗೆ ಹೋಗುವ ವಸ್ತುವಾದ್ದರಿಂದ ಹಲವರು ಇಷ್ಟವಾಗಲಿಲ್ಲ ಅಂದರೆ ದುಡ್ಡು ಹಿಂದಿರುಗಿಸುವುದಿಲ್ಲ, ಕೆಟ್ಟಿದ್ದರೆ ಬದಲಿ ಕೊಡುತ್ತಾರೆ ಅಷ್ಟೇ.

ಮನೆಗೆ ಬಂದ ದಿನವೇ ಎಲ್ಲವನ್ನೂ ಪರೀಕ್ಷಿಸಿ. ಮಾಮೂಲಿ ಕಾಲ್ ಒಂದು, ವಾಟ್ಸ್ಆ್ಯಪ್ ಕಾಲ್ ಒಂದು ಮಾಡಿ, ಆ ಕಡೆಯವರಿಗೆ ನಿಮ್ಮ ಧ್ವನಿ ಇಯರ್‌ಫೋನಿನ ಮೈಕಿನಿಂದಲೇ ಹೋಗುತ್ತಿದೆಯಾ ಕೇಳಿ. ಎರಡರಲ್ಲಿ ಒಂದು ನಡೆದು ಇನ್ನೊಂದು ನಡೆಯದಿರುವುದುಂಟು. ಗುಂಡಿ ಒತ್ತಿ ಹಾಡು ನಿಲ್ಲುತ್ತದಾ ನೋಡಿ. ಫೋನನ್ನು ಜೇಬಿನಲ್ಲಿಟ್ಟು ಮನೆಯೊಳಗೇ ನಾಲ್ಕು ಸುತ್ತು ಓಡಾಡಿ. ಪಿನ್ ಸ್ವಲ್ಪ ಅಲುಗಿದ್ದಕ್ಕೇ ಹಾಡು ನಿಂತು ಸ್ಪೀಕರಿಗೆ ಹಾರಿದರೆ ಆ ಪಿನ್ ಬೇಡ, ಅವತ್ತೇ ಬದಲಿಗೆ ಅರ್ಜಿ ಹಾಕಿ.